ಪ್ರಾರ್ಥನೆಯ ಒಂದು ಸಾಲು, ಅಣ್ಣನ ಒಂದು ಸಾಲ

ಭಾನುವಾರದ ಆರಾಧನೆ. ಎಲ್ಲರೂ ಎದ್ದು ನಿಂತು ಕರ್ತನ ಪ್ರಾರ್ಥನೆ, ಅಂದರೆ ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ, ಹೇಳುತ್ತಿದ್ದೆವು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರುವಾಗುವ ಆ ಪ್ರಾರ್ಥನೆಯನ್ನು ಮಾತು ಕಲಿತ ವಯಸ್ಸಿನಿಂದ ಹೇಳಿಕೊಂಡು ಬಂದವಳು ನಾನು. ಅಮ್ಮ ಮಡಿಲಲ್ಲಿ ಕೂರಿಸಿಕೊಂಡು ಹೇಳಿಕೊಟ್ಟದ್ದು. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಅನ್ನುವವರೆಗೆ ಎಲ್ಲರ ದನಿಯ ಜೊತೆ ನನ್ನ ದನಿಯೂ ಇತ್ತು. ಮುಂದಿನ ಸಾಲಿಗೆ ಬಂದಾಗ ಬಾಯಿ ನಿಂತುಹೋಯಿತು.

‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು.’

ಅಕ್ಕಪಕ್ಕದವರು ಹೇಳಿ ಮುಂದೆ ಹೋದರು. ನಾನು ಮುಂದಿನ ಬೆಂಚಿನ ಮರದಲ್ಲಿದ್ದ ಒಂದು ಗಂಟನ್ನೇ ನೋಡುತ್ತಾ ನಿಂತಿದ್ದೆ. ‘ಶೋಧನೆಯೊಳಗೆ ಸೇರಿಸದೆ’ ಅನ್ನುವಲ್ಲಿ ಮತ್ತೆ ಸೇರಿಕೊಂಡೆ. ಆಮೆನ್ ಅಂದೆ. ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಭಾನುವಾರವೂ ಹಾಗೇ ಆಯಿತು. ಅದರ ಮುಂದಿನ ವಾರವೂ. ಆಮೇಲೆ ಆ ಸಾಲನ್ನು ಬಿಟ್ಟೇ ಹೇಳುವುದು ಅಭ್ಯಾಸವಾಯಿತು. ಮನೆಯಲ್ಲಿ ಒಬ್ಬಳೇ ಇರುವಾಗಲೂ ಅಷ್ಟೇ.

ಆಗ ಅಮ್ಮ ತೀರಿಕೊಂಡು 4 ತಿಂಗಳಾಗಿತ್ತು. ನಾನು ಕ್ಷಮಿಸಲಾಗದ ಆ ಒಬ್ಬ ಮನುಷ್ಯ ನನ್ನ ಸ್ವಂತ ಅಣ್ಣ.

ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಅಮ್ಮನ ಆಪರೇಷನ್‌ಗೆ ಅಂತ ಅಣ್ಣನೂ ನಾನೂ ಸೇರಿ ಹಣ ಕೂಡಿಸಿದ್ದೆವು. ನನ್ನ ಪಾಲೇ ಜಾಸ್ತಿ ಇತ್ತು. ಹಣ ಅಣ್ಣನ ಖಾತೆಯಲ್ಲಿತ್ತು. ಅವನು ಅದನ್ನು ತನ್ನ ವ್ಯಾಪಾರಕ್ಕೆ ತಿರುಗಿಸಿದ. ಎರಡು ತಿಂಗಳಲ್ಲಿ ವಾಪಸ್ ಇಟ್ಟುಬಿಡಬಹುದು ಅಂದುಕೊಂಡಿದ್ದನಂತೆ. ವ್ಯಾಪಾರ ಮುಳುಗಿತು. ಆಪರೇಷನ್‌ಗೆ ದಿನ ಗೊತ್ತಾಯಿತು ಅಂತ ಹೇಳಲು ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಬೇರೆ ಕಡೆ ಸಾಲ ಹುಟ್ಟಿಸುವಷ್ಟರಲ್ಲಿ 5 ವಾರ ಹೋಯಿತು. ತಡವಾದದ್ದರಿಂದ ಏನೂ ವ್ಯತ್ಯಾಸ ಆಗಿಲ್ಲ ಅಂತ ಡಾಕ್ಟರ್ ಹೇಳಿದರು. ಅಮ್ಮ ಚೇತರಿಸಿಕೊಂಡು ಇನ್ನೂ 3 ವರ್ಷ ಬದುಕಿದಳು. ಅದೆಲ್ಲ ನಿಜ. ಆದರೆ ಆ 5 ವಾರ ರಾತ್ರಿ ಹೊತ್ತು ನೋವು ಬಂದಾಗ ಅಮ್ಮ ಸೆರಗಿನ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಮಲಗುತ್ತಿದ್ದಳು. ಪಕ್ಕದ ಕೋಣೆಯಲ್ಲಿದ್ದ ನನಗೆ ಸದ್ದು ಕೇಳಬಾರದು ಅಂತ. ಬೆಳಿಗ್ಗೆ ಆ ಸೆರಗಿನ ತುದಿ ಒದ್ದೆ ಇರುತ್ತಿತ್ತು. ಹಲ್ಲಿನ ಗುರುತು ಇರುತ್ತಿತ್ತು. ಅದನ್ನು ಒಗೆದದ್ದು ನಾನು.

ಅಮ್ಮ ಕೊನೆಯ ವಾರ ಮಾತಾಡಿದ್ದು ಕಮ್ಮಿ. ಆ ಮಾತಿನ ವಿಷಯ ಮುಂದೆ ಬರುತ್ತದೆ.

ಆ ಸಾಲನ್ನು ಬಿಟ್ಟು ಪ್ರಾರ್ಥನೆ ಹೇಳುತ್ತಿದ್ದ ದಿನಗಳಲ್ಲೇ ಒಂದು ಸಂಜೆ ಬೈಬಲ್‌ನಲ್ಲಿ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ಓದುತ್ತಿದ್ದೆ. ಎಷ್ಟೋ ಸಾರಿ ಓದಿದ್ದೇ. ಅವತ್ತು ಕಣ್ಣಿಗೆ ಬೇರೆ ಏನೋ ಬಿತ್ತು. ಪ್ರಾರ್ಥನೆ 9ನೇ ವಚನದಿಂದ 13ನೇ ವಚನದವರೆಗೆ ಇದೆ. ಅದು ಮುಗಿದ ಮೇಲೆ 14, 15ನೇ ವಚನಗಳಲ್ಲಿ ಯೇಸು ಒಂದು ವಿವರಣೆ ಕೊಡುತ್ತಾನೆ. ದೇವರ ರಾಜ್ಯ ಅಂದರೇನು ಅಂತ ಅಲ್ಲಿ ವಿವರಿಸುವುದಿಲ್ಲ. ಶೋಧನೆ ಅಂದರೇನು ಅಂತಲೂ ಇಲ್ಲ. ಇಡೀ ಪ್ರಾರ್ಥನೆಯಲ್ಲಿ ಒಂದೇ ಒಂದು ಸಾಲನ್ನು ಎತ್ತಿಕೊಂಡು ಮತ್ತೆ ಹೇಳುತ್ತಾನೆ. ನಾನು ಬಿಟ್ಟುಬಿಟ್ಟ ಸಾಲನ್ನೇ. ನೀವು ಜನರ ತಪ್ಪುಗಳನ್ನು ಕ್ಷಮಿಸದಿದ್ದರೆ ತಂದೆಯೂ ನಿಮ್ಮ ತಪ್ಪುಗಳನ್ನು ಕ್ಷಮಿಸುವುದಿಲ್ಲ ಅಂತ. ಪುಸ್ತಕ ಮುಚ್ಚಿಟ್ಟೆ. ಸುಮ್ನೆ ಕೂತೆ. ತುಂಬಾ ಭಯ ಆಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಮರುದಿನ ಪಾಸ್ಟರ್ ಹತ್ತಿರ ಹೋದೆ. “ಕ್ಷಮಿಸ್ಬೇಕು ಅಂತ ಗೊತ್ತು ಪಾಸ್ಟರ್. ಅದನ್ನ ಕೇಳೋಕೆ ಬಂದಿಲ್ಲ. ಹೇಗೆ ಅಂತ ಗೊತ್ತಾಗ್ತಿಲ್ಲ” ಅಂದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನಿಮ್ಮ ಅಣ್ಣ ನಿಮಗೆ ಎಷ್ಟು ಕೊಡಬೇಕು?” ಅಂತ ಕೇಳಿದರು.

“ಹಣಾನಾ?”

“ಎಲ್ಲಾನೂ. ಮನೆಗೆ ಹೋಗಿ ಬರೀರಿ. ಎಷ್ಟು ಅಂತ ಗೊತ್ತಿಲ್ಲದ ಸಾಲಾನ ಬಿಟ್ಟುಬಿಡೋಕೆ ಆಗಲ್ಲಮ್ಮ.”

ಮತ್ತಾಯನ ಸುವಾರ್ತೆಯ ಆ ವಚನದಲ್ಲಿ, ನಾವು ‘ತಪ್ಪು’ ಅಂತ ಹೇಳುವ ಜಾಗದಲ್ಲಿ, ಮೂಲ ಗ್ರೀಕ್ ಮಾತಿನ ನೇರ ಅರ್ಥ ‘ಸಾಲ’ ಅಂತ ಅವರು ವಿವರಿಸಿದರು. ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಲ್ಲೂ ಅರಸ ಮೊದಲು ಮಾಡುವ ಕೆಲಸ ಲೆಕ್ಕ ತೆಗೆಯುವುದು. ಬಿಟ್ಟುಬಿಡುವುದು ಆಮೇಲೆ. ಏನೂ ಆಗಿಲ್ಲ ಬಿಡು ಅನ್ನುವುದು ಕ್ಷಮೆ ಅಲ್ಲ. ಆಗಿದೆ, ಇಷ್ಟು ಆಗಿದೆ ಅಂತ ಮೊದಲು ಹೇಳಬೇಕು.

ಆ ಮಾತು ಕೇಳಿ ನನಗೆ ಅಳು ಬಂತು. ಅಲ್ಲಿಯವರೆಗೆ ಎಲ್ಲರೂ ಹೇಳಿದ್ದು ಮರೆತುಬಿಡು ಅಂತಲೇ. ಸ್ವಂತ ಅಣ್ಣ ಅಲ್ವಾ, ಅಮ್ಮನೇ ಹೋದ ಮೇಲೆ ಇನ್ನೇನು ಅಂತ. ಯಾರೂ ಲೆಕ್ಕ ಕೇಳಿರಲಿಲ್ಲ.

ಒಂದು ಚಿಕ್ಕ ನೋಟ್‌ಬುಕ್ ತೆಗೆದುಕೊಂಡು ಬರೆಯಲು ಕೂತೆ. ಮೊದಲ ಸಾಲಿಗೆ ಹಣದ ಮೊತ್ತ ಬರೆದೆ. ಅದು ಒಂದೇ ಸಾಲಿನಲ್ಲಿ ಮುಗಿಯಿತು. ಎರಡನೆಯದು, ಎತ್ತದ ಫೋನ್. ಮೂರನೆಯದು, ಸಾಲಕ್ಕಾಗಿ ನಾನು ಕೈಚಾಚಿದ ಮನೆಗಳು. ನಾಲ್ಕನೆಯದು, ಆ ಸೆರಗಿನ ತುದಿ. ಹಾಗೆ 11 ಆಯಿತು. ಬರೆಯಲು 3 ಸಂಜೆ ಬೇಕಾಯಿತು. ಬರೆದ ಮೇಲೆ ಒಂದು ಗೊತ್ತಾಯಿತು. ನನ್ನ ಸಿಟ್ಟಿನಲ್ಲಿ ಹಣದ ಪಾಲು ಬಹಳ ಕಮ್ಮಿ. ಅವತ್ತೇ ಮೊದಲ ಸಾಲಿನ ಮೇಲೆ ಗೆರೆ ಎಳೆದೆ. ಅದು ಸುಲಭವಾಗಿತ್ತು. ಉಳಿದ 10 ಹಾಗೇ ಉಳಿದವು.

ಆಮೇಲೆ ಆ 18ನೇ ಅಧ್ಯಾಯದ ಕಥೆಯನ್ನು ಕೈಯಲ್ಲಿ ಪೆನ್ನು ಹಿಡಿದು ಓದಿದೆ. ಅರಸ ಒಬ್ಬ ಸೇವಕನ ಸಾಲವನ್ನೆಲ್ಲ ಬಿಟ್ಟುಬಿಡುತ್ತಾನೆ. ಆ ಸೇವಕ ಮಾತ್ರ ತನ್ನ ಜೊತೆಗಾರನ ಸಾಲ ಬಿಡದೆ ಅವನನ್ನು ಸೆರೆಗೆ ಹಾಕಿಸುತ್ತಾನೆ. ಸೇವಕ ಅರಸನಿಗೆ ಕೊಡಬೇಕಾದದ್ದು 10,000 ತಲಾಂತು. ಅವನ ಜೊತೆಗಾರ ಅವನಿಗೆ ಕೊಡಬೇಕಾದದ್ದು 100 ದಿನಾರಿ. ಒಂದು ದಿನಾರಿ ಅಂದರೆ ಆಗಿನ ಕೂಲಿಯವನ ಒಂದು ದಿನದ ಕೂಲಿ. ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮ್ಯದಲ್ಲಿ ಅದೇ ಲೆಕ್ಕ ಇದೆ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಅಂದರೆ ಮೊದಲನೆಯವನ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಎರಡನೆಯವನದು ಮೂರು ತಿಂಗಳ ಮೇಲೆ ಒಂದಿಷ್ಟು ದಿನ.

ಇಲ್ಲಿ ನಾನು ನಿಂತು ಯೋಚಿಸಿದ್ದು ಆ ಎರಡನೆಯ ಮೊತ್ತದ ಬಗ್ಗೆ. ಪ್ರಸಂಗಗಳಲ್ಲಿ ಅದನ್ನು ಪುಡಿಗಾಸು ಅಂತ ಹೇಳಿ ಮುಗಿಸಿಬಿಡುತ್ತಾರೆ. ಅದು ಪುಡಿಗಾಸಲ್ಲ. ದಿನಗೂಲಿ ಮಾಡುವವನಿಗೆ 100 ದಿನದ ದುಡಿಮೆ ಅಂದರೆ ಮನೆಯೇ ನಡೆಯುವ ಹಣ. ನಿನಗಾದ ನಷ್ಟ ಚಿಕ್ಕದು ಅಂತ ಯೇಸು ಎಲ್ಲೂ ಹೇಳಲಿಲ್ಲ. ನಷ್ಟ ದೊಡ್ಡದೇ. ನಿನಗೆ ಬಿಟ್ಟುಕೊಟ್ಟದ್ದು ಅದಕ್ಕಿಂತ ಬಹಳ ದೊಡ್ಡದು ಅಂತ ಮಾತ್ರ ಹೇಳುತ್ತಾನೆ. ಈ ವ್ಯತ್ಯಾಸ ನನಗೆ ಮುಖ್ಯ. ಅಮ್ಮನ ಆ 5 ವಾರವನ್ನು ಯಾರಾದರೂ ಚಿಕ್ಕದು ಅಂದರೆ ನಾನು ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ.

ಮೊದಲ ಕಾಲದ ಕ್ರೈಸ್ತರಿಗೆ ಬರೆದ ಒಂದು ಹಳೆಯ ಬೋಧನೆಯಲ್ಲಿ, ಕರ್ತನ ಪ್ರಾರ್ಥನೆಯನ್ನು ದಿನಕ್ಕೆ 3 ಸಾರಿ ಹೇಳಿ ಅಂತ ಇದೆ. ಪಾಸ್ಟರ್ ನನಗೆ ಅದನ್ನೇ ಮಾಡಲು ಹೇಳಿದರು. ಬಾಯಿ ಬಿಡದಿದ್ದರೆ ಆ ಸಾಲನ್ನು ಬಿಟ್ಟು ಮುಂದೆ ಹೋಗಬೇಡಿ, ಅಲ್ಲೇ ನಿಲ್ಲಿ, ಅಲ್ಲಿಗೇ ಮುಗಿಸಿ ಅಂದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ದಿನಕ್ಕೆ ಮೂರು ಸಾರಿ ಬಂದು ಅದೇ ಬಾಗಿಲ ಮುಂದೆ ನಿಂತು ವಾಪಸ್ ಹೋದ ಹಾಗೆ. ಆಮೆನ್ ಇಲ್ಲದ ಪ್ರಾರ್ಥನೆ. ಸುಮಾರು ಎರಡು ತಿಂಗಳು ಹಾಗೇ ನಡೆಯಿತು.

ಆ ಎರಡು ತಿಂಗಳು ನನ್ನ ಕೈ ಹಿಡಿದದ್ದು ಬೈಬಲ್‌ನ ಕೀರ್ತನೆಗಳು. 150 ಕೀರ್ತನೆಗಳಲ್ಲಿ ನಾವು ಚರ್ಚ್‌ನಲ್ಲಿ ಮತ್ತೆ ಮತ್ತೆ ಓದುವುದು ಸಮಾಧಾನದವನ್ನೇ. 23, 91, 121. ಸಿಟ್ಟಿನವು, ಅಳುವಿನವು ಎಷ್ಟೊಂದಿವೆ! 109ನೇ ಕೀರ್ತನೆಯಲ್ಲಿ ಶಾಪದ ಮೇಲೆ ಶಾಪ. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಬೆಳಕಿನ ಒಂದು ಸಾಲೂ ಇಲ್ಲದೆ. ನನ್ನದು 55ನೆಯದು. ವೈರಿ ಹೀಗೆ ಮಾಡಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ಮಾಡಿದ್ದು ನೀನು, ನನ್ನ ಜೊತೆಗಾರ, ದೇವರ ಮನೆಗೆ ನನ್ನ ಜೊತೆ ನಡೆದವನು ಅಂತ ಅಲ್ಲಿ ಒಬ್ಬ ಮನುಷ್ಯ ಒದ್ದಾಡುತ್ತಾನೆ. ಚಿಕ್ಕವರಿದ್ದಾಗ ಅಣ್ಣನೇ ನನ್ನ ಕೈ ಹಿಡಿದು ಸಂಡೇ ಸ್ಕೂಲ್‌ಗೆ ಕರೆದುಕೊಂಡು ಹೋಗುತ್ತಿದ್ದ. ಆ ಕೀರ್ತನೆಯನ್ನು ಜೋರಾಗಿ ಓದಿದೆ. ಒಂದು ದಿನ ಕೂಗಿಯೇ ಓದಿದೆ. ದೇವರ ಮುಂದೆ ಇಂಥದ್ದನ್ನು ಹೇಳಬಹುದು, ಹೇಳಲು ಮಾತನ್ನೂ ಆತನೇ ಕೊಟ್ಟಿದ್ದಾನೆ ಅಂತ ಗೊತ್ತಾದದ್ದು ಆಗ. ಹಾಗೆ ಓದಿದ ದಿನ ಅಣ್ಣನ ಬಗ್ಗೆ ಬೇರೆಯವರ ಹತ್ತಿರ ಆಡುವ ಮಾತು ಕಮ್ಮಿಯಾಗುತ್ತಿತ್ತು.

ನಡುವೆ ಒಂದು ಮಾತು. ಇದನ್ನು ಓದುವವರಲ್ಲಿ ದಿನವೂ ಹೊಡೆತ ತಿನ್ನುವವರು, ಹೆದರಿಕೆಯಲ್ಲಿ ಬದುಕುವವರು ಇರಬಹುದು. ಕ್ಷಮಿಸು ಅನ್ನುವ ವಚನವನ್ನು ಅಂಥವರ ಮೇಲೆ ಎಸೆದು, ವಾಪಸ್ ಅದೇ ಮನೆಗೆ ಕಳಿಸುವವರನ್ನು ನಾನು ನೋಡಿದ್ದೇನೆ. ಅದು ತಪ್ಪು. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಯೇಸು, ಸಹೋದರ ತಪ್ಪು ಮಾಡಿದರೆ ಅವನನ್ನು ಗದರಿಸು ಅಂತ ಮೊದಲು ಹೇಳಿ, ಆಮೇಲೆ ಕ್ಷಮೆಯ ಮಾತಿಗೆ ಬರುತ್ತಾನೆ. ಮನಸ್ಸಿನಿಂದ ಸಾಲ ಬಿಡುವುದೇ ಬೇರೆ. ಹೊಡೆಯುವ ಕೈಯ ಕೆಳಗೆ ಹೋಗಿ ನಿಲ್ಲುವುದೇ ಬೇರೆ. ನನ್ನ ಅಣ್ಣ ಅಂಥವನಲ್ಲ. ಆದ್ದರಿಂದ ನನ್ನ ದಾರಿ ಎಲ್ಲರ ದಾರಿ ಅಂತ ನಾನು ಹೇಳುವುದಿಲ್ಲ.

ಅಣ್ಣನಿಗಾಗಿ ಪ್ರಾರ್ಥನೆ ಮಾಡಲು ಶುರುಮಾಡಿದ್ದು ಆಮೇಲೆ. ಮೊದಮೊದಲು ‘ಅವನಿಗೆ ಬುದ್ಧಿ ಕೊಡು, ಅವನ ತಪ್ಪು ಅವನಿಗೆ ಗೊತ್ತಾಗಲಿ’ ಅಂತ ಬೇಡುತ್ತಿದ್ದೆ. ಕೆಲವು ದಿನಗಳ ಮೇಲೆ ನನಗೇ ಕೇಳಿಸಿತು, ಇದು ದೂರು ಅಂತ. ಆಗ ಬೇರೆ ಥರ ಮಾಡಿದೆ. ಅಣ್ಣನೇ ಇಲ್ಲಿ ಮೊಣಕಾಲೂರಿದ್ದರೆ ಏನು ಕೇಳುತ್ತಿದ್ದ? ಅವನ ಮೊಣಕಾಲು ನೋವು ವಾಸಿಯಾಗಲಿ. ಮಗಳ ಪರೀಕ್ಷೆ ಚೆನ್ನಾಗಿ ಆಗಲಿ. ರಾತ್ರಿ ನಿದ್ದೆ ಬರಲಿ. ಹೀಗೆ ಒಂದೊಂದನ್ನೇ ಹೆಸರಿಟ್ಟು ಕೇಳಿದಾಗ, ಎಷ್ಟೋ ತಿಂಗಳ ಮೇಲೆ ಅವನ ಮುಖ ನೆನಪಿಗೆ ಬಂತು. ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದದ್ದು ಅವನು ಮಾಡಿದ ಕೆಲಸ ಮಾತ್ರ.

ಒಂದು ಬುಧವಾರ ರಾತ್ರಿ, ಪ್ರಾರ್ಥನಾ ಕೂಟದಲ್ಲಿ, ಆ ಸಾಲು ತಾನಾಗಿ ಬಾಯಿಗೆ ಬಂತು. ಪೂರ್ತಿ ಬಂತು. ಬಹಳ ಅತ್ತೆ. ಹೊತ್ತಿದ್ದ ಮೂಟೆ ಕೆಳಗಿಟ್ಟಂತೆ ಆಯಿತು. ಅಲ್ಲೇ ಎದ್ದು ನಿಂತು ಸಾಕ್ಷಿ ಹೇಳಿದೆ, ದೇವರು ನನಗೆ ಕ್ಷಮಿಸುವ ಬಲ ಕೊಟ್ಟ, ಮುಗಿಯಿತು ಅಂತ. ಎಲ್ಲರೂ ಸ್ತೋತ್ರ ಅಂದರು.

11 ದಿನ ಹಾಗೇ ಇತ್ತು. 12ನೇ ದಿನ ಬಟ್ಟೆ ಒಗೆಯುತ್ತಿದ್ದೆ. ಸೀರೆಯೊಂದರ ಸೆರಗು ಕೈಗೆ ಬಂತು. ನನ್ನದೇ ಸೀರೆ. ಒದ್ದೆ ಸೆರಗಿನ ತುದಿ ಬೆರಳಿಗೆ ತಾಗಿದ್ದೇ ಸಾಕಾಯಿತು. ಎದೆಯಲ್ಲಿ ಬೆಂಕಿ ಹೊತ್ತಿಕೊಂಡಂತೆ ಎಲ್ಲವೂ ವಾಪಸ್ ಬಂತು. ಮೊದಲಿಗಿಂತ ಜಾಸ್ತಿಯೇ ಬಂತು. ಅದರ ಮೇಲೆ ನಾಚಿಕೆ ಬೇರೆ. ಅಷ್ಟು ಜನರ ಮುಂದೆ ಹೇಳಿದ್ದು ಸುಳ್ಳಾಯಿತಲ್ಲ ಅಂತ. ಎರಡು ವಾರ ಕೂಟಕ್ಕೆ ಹೋಗಲಿಲ್ಲ.

ಮೂರನೇ ವಾರ ಪಾಸ್ಟರ್ ಮನೆಗೇ ಬಂದರು. ನಾನು ಹೇಳಿದ್ದನ್ನು ಕೇಳಿ, “ಅವತ್ತಿಂದು ಸುಳ್ಳಲ್ಲ. ಅವತ್ತಿಂದು ಅವತ್ತಿಗೆ” ಅಂದರು. ಸತ್ಯವೇದ ತೆಗೆದು ವಿಮೋಚನಕಾಂಡದ 16ನೇ ಅಧ್ಯಾಯ ಓದಲು ಕೊಟ್ಟರು. ಮನ್ನದ ಕಥೆ, ಅಂದರೆ ದೇವರು ಆಕಾಶದಿಂದ ಕೊಟ್ಟ ಆಹಾರದ ಕಥೆ. ಅರಣ್ಯದಲ್ಲಿ ಜನರು ಬೆಳಿಗ್ಗೆ ಬೆಳಿಗ್ಗೆ ಎದ್ದು ಅವತ್ತಿಗೆ ಬೇಕಾದಷ್ಟು ಕೂಡಿಸಿಕೊಳ್ಳಬೇಕು. ತಲೆಗೆ ಒಂದು ಓಮೆರ್ ಅಳತೆ. ಕೆಲವರು ಮರುದಿನಕ್ಕೂ ಇರಲಿ ಅಂತ ಎತ್ತಿಟ್ಟರು. ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು. ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿಯ ದಿನದ, ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸಬಹುದು. ಉಳಿದ ದಿನಗಳಲ್ಲಿ ಅವತ್ತಿಂದು ಅವತ್ತಿಗೆ. ಒಂದು ವಾರ ಅಲ್ಲ, ಒಂದು ತಿಂಗಳಲ್ಲ, 40 ವರ್ಷ.

ಆಮೇಲೆ ಅವರು ಹೇಳಿದ್ದು ನನಗೆ ಯಾರೂ ಹೇಳದಿದ್ದ ವಿಷಯ. ಕರ್ತನ ಪ್ರಾರ್ಥನೆಯಲ್ಲಿ ಆಹಾರದ ಸಾಲಿಗೂ ಕ್ಷಮೆಯ ಸಾಲಿಗೂ ನಡುವೆ ಗ್ರೀಕಿನಲ್ಲಿ ‘ಮತ್ತು’ ಅನ್ನುವ ಮಾತಿದೆಯಂತೆ. ನಾವು ಹೇಳುವ ಕನ್ನಡದಲ್ಲಿ ಅದು ಕೇಳಿಸುವುದಿಲ್ಲ. ಆಹಾರ ಕೊಡು, ಮತ್ತು ಕ್ಷಮಿಸು. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವುದು. “ನಿನ್ನೆ ಊಟ ಮಾಡಿದ್ರಿ. ಇವತ್ತು ಹಸಿವಾಯ್ತು. ನಿನ್ನೆ ಉಂಡಿದ್ದು ಸುಳ್ಳು ಅಂತೀರಾ?” ಅಂತ ಕೇಳಿದರು.

ಎಷ್ಟು ವರ್ಷದಿಂದ ‘ಈ ಹೊತ್ತು’ ಅಂತ ಹೇಳಿಕೊಂಡು ಬಂದಿದ್ದೆ! ಅದು ಊಟಕ್ಕೆ ಮಾತ್ರ ಅಂದುಕೊಂಡಿದ್ದೆ. ಕ್ಷಮೆ ಅಂದರೆ ಒಂದು ದೊಡ್ಡ ದಿನ ಬರುತ್ತದೆ, ಒಮ್ಮೆಗೇ ಎಲ್ಲ ತೀರಿಹೋಗುತ್ತದೆ ಅಂತ ಕಾಯುತ್ತಿದ್ದೆ. ಸಹೋದರನನ್ನು ಏಳು ಸಾರಿ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದ್ದಕ್ಕೆ ಯೇಸು ಏಳೆಪ್ಪತ್ತು ಸಾರಿ ಅಂದದ್ದು ಕೂಡ ಆಗ ಬೇರೆ ಥರ ಕಂಡಿತು. ಅಣ್ಣ ನನಗೆ ಅಷ್ಟು ಸಾರಿ ತಪ್ಪು ಮಾಡಿಲ್ಲ. ಒಂದೇ ಸಾರಿ ಮಾಡಿದ್ದು. ಅದೇ ಒಂದನ್ನು ನಾನು ಅಷ್ಟು ಸಾರಿ ಬಿಡಬೇಕಾಗಬಹುದು.

ಅವತ್ತಿನಿಂದ ನನ್ನ ಬೆಳಗಿನ ಪ್ರಾರ್ಥನೆ ಬದಲಾಯಿತು. ನೋಟ್‌ಬುಕ್ ತೆರೆಯುತ್ತೇನೆ. ಒಂದೇ ಸಾಲು ಓದುತ್ತೇನೆ. ‘ತಂದೆಯೇ, ಇದನ್ನು ಇವತ್ತಿಗೆ ಬಿಟ್ಟಿದ್ದೇನೆ. ನಾಳೆಯದು ನಾಳೆ ಕೇಳುತ್ತೇನೆ’ ಅನ್ನುತ್ತೇನೆ. ಅಷ್ಟೇ. ಕೆಲವು ದಿನ ಅದನ್ನು ಹೇಳಲೂ ಆಗುವುದಿಲ್ಲ. ಅಂಥ ದಿನಕ್ಕೆ ಶಿಲುಬೆಯ ಮೇಲಿನ ಮಾತೊಂದಿದೆ. ತಂದೆಯೇ, ಅವರಿಗೆ ಕ್ಷಮಿಸು. ಅಲ್ಲಿ ಯೇಸು ತನ್ನನ್ನು ಮೊಳೆ ಹೊಡೆದವರ ಕಡೆ ತಿರುಗಿ ನಾನು ನಿಮ್ಮನ್ನು ಕ್ಷಮಿಸಿದ್ದೇನೆ ಅಂತ ಹೇಳಲಿಲ್ಲ. ತಂದೆಯನ್ನು ಕೇಳಿದ. ನನ್ನ ಕೈಯಲ್ಲಿ ಆಗದ ದಿನ ನಾನೂ ತಂದೆಯನ್ನೇ ಕೇಳುತ್ತೇನೆ. ‘ನೀನು ಕ್ಷಮಿಸು, ನಾನು ಹಿಂದೆ ಬರುತ್ತೇನೆ’ ಅಂತ.

ಹೀಗೆ ಆರೇಳು ತಿಂಗಳು ನಡೆಯಿತು. ಅಣ್ಣನ ಜೊತೆ ಇನ್ನೂ ಒಂದು ಮಾತೂ ಆಡಿರಲಿಲ್ಲ. ಆಡಬೇಕು ಅಂತಲೂ ಅನಿಸಿರಲಿಲ್ಲ.

ಆಮೇಲೆ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ, ಭಾನುವಾರ ಒಂದು ಬಂತು. ಅವತ್ತಿನ ಪಾಠ ಮತ್ತಾಯ 5, ವಚನ 23 ಮತ್ತು 24. ನೀನು ಕಾಣಿಕೆಯನ್ನು ಯಜ್ಞವೇದಿಯ ಹತ್ತಿರ ತಂದಿರುವಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಸಮಾಧಾನವಾಗು. ಓದಿದವರು ಮುಗಿಸಿ ಕೂತರು. ನಾನು ಮನಸ್ಸಿನಲ್ಲೇ ಆ ವಚನವನ್ನು ಮತ್ತೆ ಓದಿಕೊಂಡೆ. ನಿನಗೆ ಅವನ ಮೇಲೆ ಏನೋ ಇದ್ದರೆ ಅಂತ ಅಲ್ಲಿ ಇಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂತ ಇದೆ.

ರೊಟ್ಟಿಗೂ ಪಾತ್ರೆಗೂ ಜನ ಎದ್ದು ಹೋಗುತ್ತಿದ್ದರು. ನಾನು ಏಳಲಿಲ್ಲ.

ಮನೆಗೆ ಬಂದು ನೋಟ್‌ಬುಕ್‌ನ ಎದುರು ಪುಟ ತೆರೆದೆ. ಅದು ಖಾಲಿ ಇತ್ತು. ನಾನು ಅಣ್ಣನಿಗೆ ಏನು ಕೊಡಬೇಕು ಅಂತ ಬರೆಯಲು ಶುರುಮಾಡಿದೆ. ಅವನು ಆಮೇಲೆ ಮಾಡಿದ ಫೋನ್‌ಗಳನ್ನು ನಾನು ಎತ್ತಲಿಲ್ಲ. ಅಮ್ಮನ ಮಣ್ಣಿನ ದಿನ ಅವನು ಹತ್ತಿರ ಬಂದಾಗ ನಾನು ಬೇರೆ ಕಡೆ ತಿರುಗಿದೆ. ಬಂಧುಗಳ ಮನೆಗಳಲ್ಲಿ ಅವನ ಹೆಸರು ಕೆಡಿಸಿದೆ. ಅತ್ತಿಗೆಯ ತಪ್ಪು ಏನೂ ಇಲ್ಲದಿದ್ದರೂ ಅವರ ಹತ್ತಿರ ಮಾತು ಬಿಟ್ಟೆ. ಇಷ್ಟನ್ನು ಬೇಗ ಬರೆದೆ. ಆಮೇಲೆ ಪೆನ್ನು ನಿಂತಿತು. ಆ ಭಾನುವಾರ ಬಾಯಿ ನಿಂತಂತೆಯೇ.

ಅಮ್ಮ ಹೋಗುವ 4 ದಿನ ಮೊದಲು. ಸಂಜೆ. ನಾನು ಅವಳ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು. ಬೆರಳಲ್ಲಿ ಬಲ ಇರಲಿಲ್ಲ. ಹಿಡಿದದ್ದು ಗೊತ್ತಾಗುವಷ್ಟು ಮಾತ್ರ. “ಅಣ್ಣಂಗೆ ಹೇಳು, ನಂಗೆ ಏನೂ ಬೇಜಾರಿಲ್ಲ ಅಂತ. ಮರೀಬೇಡ.” ಹೂಂ ಅಂದೆ. ಅವಳು ಮತ್ತೆ, “ಹೇಳ್ತೀಯಲ್ಲ?” ಅಂತ ಕೇಳಿದಳು. ಹೇಳ್ತೀನಮ್ಮ ಅಂದೆ.

ಹೇಳಲಿಲ್ಲ.

ಮರೆತದ್ದಲ್ಲ. ಒಂದು ದಿನವೂ ಮರೆತಿರಲಿಲ್ಲ. ಅವನಿಗೆ ಆ ಸಮಾಧಾನ ಸಿಗಬಾರದು ಅಂತ ಇಟ್ಟುಕೊಂಡಿದ್ದೆ. ಅವನು ಮಾಡಿದ್ದಕ್ಕೆ ಅವನು ಅನುಭವಿಸಲಿ ಅಂತ. ಅಣ್ಣ ನನ್ನದಾದ ಹಣವನ್ನು ಇಟ್ಟುಕೊಂಡ. ನಾನು ಅವನದಾದ ಒಂದು ಮಾತನ್ನು ಇಟ್ಟುಕೊಂಡೆ. ನನ್ನ ಪುಟದಲ್ಲಿ 11 ಇದ್ದವು. ಅವನ ಪುಟದ ಈ ಒಂದರ ಮುಂದೆ ಅವೆಲ್ಲ ಎಷ್ಟು ಅಂತ ನನಗೆ ಲೆಕ್ಕ ಹಾಕಲು ಆಗಲಿಲ್ಲ. ಅಮ್ಮ ಹೋಗಿ ಆಗ ಒಂದೂಕಾಲು ವರ್ಷ ದಾಟಿತ್ತು.

ಆ ರಾತ್ರಿ ಆದಿಕಾಂಡದ ಕೊನೆಯ ಭಾಗ ಓದಿದೆ, ಯೋಸೇಫನ ಕಥೆ. ಅಣ್ಣಂದಿರು ಅವನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದಾಗ ಅವನಿಗೆ ಹೆಚ್ಚುಕಮ್ಮಿ 17 ವರ್ಷ. ಐಗುಪ್ತದ, ಅಂದರೆ ಈಜಿಪ್ಟಿನ, ಅರಸ ಫರೋಹನ ಮುಂದೆ ನಿಂತಾಗ 30. ಆಮೇಲೆ ಆ ದೇಶದ ಆಡಳಿತವೇ ಅವನ ಕೈಗೆ ಬರುತ್ತದೆ. ಸುಭಿಕ್ಷದ 7 ವರ್ಷ, ಬರದ 2 ವರ್ಷ ಕಳೆದ ಮೇಲೆ, ಧಾನ್ಯಕ್ಕಾಗಿ ಬಂದ ಅಣ್ಣಂದಿರ ಮುಂದೆ ನಾನೇ ಯೋಸೇಫ ಅನ್ನುತ್ತಾನೆ. ಅಂದರೆ 22 ವರ್ಷಗಳ ಮೇಲೆ. ಅದೂ ನೋಡಿದ ತಕ್ಷಣ ಅಲ್ಲ. ಅದಕ್ಕೆ ಮೊದಲು ಅವರನ್ನು 3 ದಿನ ಕಾವಲಿನಲ್ಲಿ ಇಡಿಸುತ್ತಾನೆ, ಅವರಲ್ಲಿ ಒಬ್ಬನಾದ ಸಿಮೆಯೋನನನ್ನು ಕಟ್ಟಿಸುತ್ತಾನೆ, ಮತ್ತೆ ಮರೆಗೆ ಹೋಗಿ ಅಳುತ್ತಾನೆ. ದೇವರ ಮನುಷ್ಯನಿಗೂ ಇಷ್ಟು ಒದ್ದಾಟ ಇತ್ತು ಅಂತ ಓದಿ ನನಗೆ ಧೈರ್ಯ ಬಂತು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವರ ಅಪ್ಪ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿ ಸಾಯುತ್ತಾನೆ. ಆಗ ಅಣ್ಣಂದಿರಿಗೆ ಮತ್ತೆ ಹೆದರಿಕೆ. ಅಪ್ಪ ಇದ್ದ ಅಂತ ಸುಮ್ಮನಿದ್ದ, ಇನ್ನು ಬಿಡುವುದಿಲ್ಲ ಅಂತ. ಸಾಯುವ ಮೊದಲು ಅಪ್ಪ ಹೀಗೆ ಹೇಳಿದ್ದಾನೆ, ಅಣ್ಣಂದಿರ ತಪ್ಪನ್ನು ಕ್ಷಮಿಸು ಅಂತ ಯೋಸೇಫನಿಗೆ ಹೇಳಿ ಕಳಿಸುತ್ತಾರೆ. ಯಾಕೋಬ ಹಾಗೆ ಹೇಳಿದ್ದು ಆದಿಕಾಂಡದಲ್ಲಿ ಬೇರೆಲ್ಲೂ ಇಲ್ಲ. ಹೆದರಿಕೆಯಿಂದ ತಾವೇ ಕಟ್ಟಿದ ಮಾತೂ ಇರಬಹುದು. ಆ ಮಾತು ಕೇಳಿ ಯೋಸೇಫ ಅತ್ತ ಅಂತ ಬರೆದಿದೆ. ಹೆತ್ತವರು ಬಿಟ್ಟುಹೋದ ಒಂದು ಮಾತಿಗಾಗಿ ಅವರು ಅಷ್ಟು ಹಂಬಲಿಸಿದ್ದರು. ನನ್ನ ಹತ್ತಿರ ಅಂಥ ಮಾತು ಇತ್ತು. ಕಟ್ಟಿದ್ದಲ್ಲ, ನಿಜವಾದದ್ದು.

ಬೆಳಿಗ್ಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ. “ಏನಮ್ಮಾ?” ಅಂದ. ಅಷ್ಟೇ. ಎಷ್ಟು ವರ್ಷದ ಮೇಲೆ ಕೇಳಿದ ದನಿ. ಮನೆಗೆ ಬರಲಾ ಅಂದೆ. “ಇದೇನು ಕೇಳೋದು, ಬಾ” ಅಂದ.

ಹೋದೆ. ಅತ್ತಿಗೆ ಬಾಗಿಲು ತೆಗೆದು ನನ್ನನ್ನು ನೋಡಿ ಏನೂ ಮಾತಾಡದೆ ಪಕ್ಕಕ್ಕೆ ಸರಿದರು. ಅವರ ಕೈ ಹಿಡಿದುಕೊಂಡೆ. ಅಣ್ಣನಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾಲು ಚಾಚಿ ಕೂತಿದ್ದ, ಮೊಣಕಾಲಿಗೆ ಪಟ್ಟಿ. ದಾರಿಯಲ್ಲಿ ಏನೇನೋ ಹೇಳಬೇಕು ಅಂತ ಜೋಡಿಸಿಕೊಂಡಿದ್ದೆ. ಎಲ್ಲ ಹೋಯಿತು. ಕೂತೂ ಕೂರದೆ ಹೇಳಿಬಿಟ್ಟೆ. “ಅಣ್ಣ, ಅಮ್ಮ ಹೋಗೋಕೆ ನಾಲ್ಕು ದಿನ ಮುಂಚೆ ನಿಂಗೆ ಒಂದು ಮಾತು ಹೇಳು ಅಂದಿದ್ಲು. ನಂಗೆ ಏನೂ ಬೇಜಾರಿಲ್ಲ ಅಂತ ಹೇಳು ಅಂದಿದ್ಲು. ನಾನು ಹೇಳ್ಲಿಲ್ಲ. ಬೇಕೂ ಅಂತಲೇ ಹೇಳ್ಲಿಲ್ಲ. ನನ್ನ ಕ್ಷಮಿಸು.”

ಅವನು ನನ್ನನ್ನು ನೋಡಲಿಲ್ಲ. ಮೊಣಕಾಲಿನ ಪಟ್ಟಿಯ ಅಂಚನ್ನು ಬಿಚ್ಚಿದ, ಮತ್ತೆ ಅಂಟಿಸಿದ. ಬಿಚ್ಚಿದ, ಅಂಟಿಸಿದ. ಆಮೇಲೆ, “ಅಮ್ಮ ಹಾಗೇ ಅಂದ್ಲಾ? ಇದೇ ಮಾತಾ?” ಅಂದ.

“ಇದೇ ಮಾತು.”

“ನನ್ನ ಹೆಸರು ಹೇಳಿದ್ಲಾ?”

“ಅಣ್ಣಂಗೆ ಹೇಳು ಅಂದ್ಲು. ಮರೀಬೇಡ ಅಂದ್ಲು.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನು ಅಳುವುದು ಹೊರಗೆ ಕೇಳುತ್ತಿತ್ತು. ಅತ್ತಿಗೆಯೂ ನಾನೂ ಸುಮ್ಮನೆ ಕೂತಿದ್ದೆವು. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದ. ಆಪರೇಷನ್ ಸಮಯದ ವಿಷಯ ಅವನೇ ಎತ್ತಿದ. ಫೋನ್ ರಿಂಗಾಗುವಾಗ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತಿದ್ದನಂತೆ, ಎತ್ತಲು ಮುಖ ಇಲ್ಲದೆ. ಅದನ್ನು ಕೇಳಿ ನನ್ನ ಸಿಟ್ಟು ಪೂರ್ತಿ ಹೋಯಿತು ಅಂತ ಹೇಳಲಾರೆ. ಆ ಸೆರಗಿನ ವಿಷಯ ಅವನಿಗೆ ಇನ್ನೂ ಹೇಳಿಲ್ಲ. ಹೇಳಬೇಕಾ ಬೇಡವಾ ಅಂತ ದೇವರ ಹತ್ತಿರ ಕೇಳುತ್ತಿದ್ದೇನೆ. ಸದ್ಯಕ್ಕೆ ಬೇಡ ಅನಿಸುತ್ತದೆ.

ಮುಂದಿನ ಕರ್ತನ ಭೋಜನದ ದಿನ ಎದ್ದು ಹೋದೆ. ರೊಟ್ಟಿ ಕೈಗೆ ಬಂದಾಗ ಕೈ ನಡುಗುತ್ತಿತ್ತು.

ಇದಾಗಿ ಈಗ ಎಂಟು ತಿಂಗಳು. ನೋಟ್‌ಬುಕ್ ಇನ್ನೂ ಇದೆ. ಎಡಗಡೆಯ ಪುಟದಲ್ಲಿ 3 ಸಾಲುಗಳನ್ನು ನಾನು ಈಗ ಓದುವುದೇ ಇಲ್ಲ, ಓದಿದರೂ ಏನೂ ಆಗುವುದಿಲ್ಲ. ನಾಲ್ಕನೆಯದನ್ನು ಹೆಚ್ಚುಕಮ್ಮಿ ದಿನವೂ ಬಿಡಬೇಕಾಗುತ್ತದೆ. ಬಿಡುತ್ತೇನೆ. ಆರಾಧನೆಯಲ್ಲಿ ಆ ಸಾಲು ಬಂದಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ, ನಿಲ್ಲುವುದಿಲ್ಲ.

ಅಣ್ಣ ವಾರಕ್ಕೆ ಒಂದೆರಡು ಸಾರಿ ಫೋನ್ ಮಾಡುತ್ತಾನೆ. ಮಗಳ ಓದು, ಅತ್ತಿಗೆಯ ಆರೋಗ್ಯ, ಅವನ ಮೊಣಕಾಲು ಅಂತ ಮಾತು ನಡೆಯುತ್ತದೆ. ಇಡುವ ಮೊದಲು ಒಂದು ಗಳಿಗೆ ಸುಮ್ಮನಾಗುತ್ತಾನೆ. ಆಗ ಏನು ಬರುತ್ತದೆ ಅಂತ ನನಗೆ ಗೊತ್ತಿರುತ್ತದೆ. ಮೊನ್ನೆಯೂ ಹಾಗೇ ಆಯಿತು.

“ಅಮ್ಮ ಅವತ್ತು ಏನಂದ್ಲು, ಇನ್ನೊಂದ್ಸಲ ಹೇಳು” ಅಂದ.

ಹೇಳಿದೆ.